ಹದಿನೇಳನೇ ನಂಬರಿನ ಮಗು ಮತ್ತು 1349ರ ಪ್ರಶ್ನೆ

ಮೊದಲ ವಾರ ನನಗೆ ಮೂಳೆ ಮುಟ್ಟಲು ಬಿಡಲಿಲ್ಲ. ಕಾಗದ ಕೊಟ್ಟರು. ಒಂದು ರಟ್ಟಿನ ಪೆಟ್ಟಿಗೆ ತುಂಬ ಅಗೆತದ ಹಾಳೆಗಳು, ಒಂದೊಂದು ಗೋರಿಗೂ ಒಂದೊಂದು. ಮಣ್ಣಿನ ಬಣ್ಣ, ಗುಂಡಿಯ ಆಳ, ತಲೆ ಯಾವ ದಿಕ್ಕಿಗೆ, ಯಾವ ಮೂಳೆ ಇದೆ, ಯಾವುದು ಇಲ್ಲ. ಕೆಳಗೆ ಒಂದು ಸಾಲು: ಈ ಗುಂಡಿ ಯಾವ ಗುಂಡಿಯನ್ನು ಕಡಿದಿದೆ, ಇದನ್ನು ಯಾವುದು ಕಡಿದಿದೆ?

"ಆ ಕೊನೇ ಸಾಲು ಓದದೆ ಮೂಳೆಗೆ ಕೈ ಹಾಕಬೇಡ. ಆಮೇಲೆ ಬರುವ ತಾರೀಖಿಗೆ ಅರ್ಥವೇ ಇರುವುದಿಲ್ಲ" ಅಂದರು ನಮ್ಮ ಮೇಡಂ. ಆಗ ಅದು ನನಗೆ ಪೂರ್ತಿ ಅರ್ಥವಾಗಲಿಲ್ಲ. ನಾನು ದಾವಣಗೆರೆ ಕಡೆಯವಳು. ಕೆಮಿಸ್ಟ್ರಿ ಓದಿ, ಪುರಾತತ್ವ ವಿಜ್ಞಾನದಲ್ಲಿ ಮಾಸ್ಟರ್ಸ್ ಮಾಡಲು ಇಂಗ್ಲೆಂಡಿಗೆ ಹೋದವಳು. ನನ್ನ ಲೆಕ್ಕದಲ್ಲಿ ಕಾಲ ಹೇಳುವುದು ಯಂತ್ರದ ಕೆಲಸ. ಮೂಳೆ ಕೊಟ್ಟರೆ ಯಂತ್ರ ವರ್ಷ ಹೇಳುತ್ತದೆ, ಅಷ್ಟೇ ಅಲ್ವಾ?

ಮೂಳೆಗಳು ಲಿಂಕನ್‌ಷೈರ್‌ನ ಒಂದು ಹಳ್ಳಿಯ ಚರ್ಚಿನವು. ಊರಿನ ಹೆಸರು ಬರೆಯುವುದಿಲ್ಲ, ಅವರು ಹಾಗೆ ಕೇಳಿಕೊಂಡಿದ್ದಾರೆ. ಸಮುದ್ರ ಅಲ್ಲಿಂದ ಅಷ್ಟೇನೂ ದೂರವಿಲ್ಲ. ಕಲ್ಲಿನ ಹಳೆಯ ಚರ್ಚು. ಒಳಗೆ ಒಂದು ಶೌಚಾಲಯ, ಪುಟ್ಟ ಅಡುಗೆಮನೆ ಮಾಡಿಸಬೇಕೆಂದು ಊರವರು ಹಣ ಕೂಡಿಸಿದ್ದರು. ಅದರ ಚರಂಡಿ ಪೈಪಿಗಾಗಿ ಉತ್ತರದ ಕಡೆ ಕಾಲುವೆ ತೋಡಿದಾಗ 23 ಅಸ್ಥಿಪಂಜರ ಸಿಕ್ಕಿದ್ದವು. ಇಂಗ್ಲೆಂಡಿನಲ್ಲಿ ಚರ್ಚಿನ ಅಂಗಳದ ಮಣ್ಣು ಅಗೆಯಬೇಕಾದರೆ ಚರ್ಚಿನದೇ ಆದ ಕೋರ್ಟಿನ ಅನುಮತಿ ಬೇಕು. ಆ ಅನುಮತಿಯಲ್ಲೇ ಷರತ್ತು ಇತ್ತು: ಅಧ್ಯಯನ ಮುಗಿದ ಮೇಲೆ ಎಲ್ಲರನ್ನೂ ಅದೇ ಅಂಗಳದಲ್ಲಿ ಮತ್ತೆ ಹೂಳಬೇಕು.

ಆ 23ರಲ್ಲಿ ಏಳು ಗೋರಿಗಳು ಒತ್ತೊತ್ತಾಗಿ ಸಾಲಾಗಿದ್ದವು. ಊರಲ್ಲಿ ಅದಕ್ಕೆ 'ಪ್ಲೇಗ್ ಸಾಲು' ಅಂತ ಹೆಸರು ಬಿದ್ದುಬಿಟ್ಟಿತ್ತು. 1348ರಲ್ಲಿ ಇಂಗ್ಲೆಂಡಿಗೆ ಬಂದ ಮಹಾಮಾರಿ 1349ರ ಹೊತ್ತಿಗೆ ದೇಶದ ಉದ್ದಗಲಕ್ಕೂ ಹರಡಿತ್ತು. ಅದೇ ಜಿಲ್ಲೆಯ ಥಾರ್ನ್‌ಟನ್ ಅಬಿ ಅನ್ನುವ ಹಳೆಯ ಮಠದಲ್ಲಿ ಒಂದೇ ಗುಂಡಿಯಲ್ಲಿ ಕನಿಷ್ಠ 48 ಜನರನ್ನು ಹೂಳಿದ್ದು ಸಿಕ್ಕಿತ್ತು. ಅವರಲ್ಲಿ 27 ಮಕ್ಕಳು. ಹಲ್ಲಿನೊಳಗೆ ಪ್ಲೇಗ್ ರೋಗಾಣುವಿನ ಡಿಎನ್‌ಎ ಕೂಡ ಸಿಕ್ಕಿತು. 2020ರಲ್ಲಿ ಅದರ ವರದಿ ಬಂದ ಮೇಲೆ ಸುತ್ತಮುತ್ತಲ ಹಳ್ಳಿಗಳಲ್ಲಿ ಪ್ಲೇಗಿನ ಮಾತೇ ಮಾತು. ಹೀಗಾಗಿ ನಮ್ಮ ಹಳ್ಳಿಯವರೂ ಕೇಳಿದರು: ಇವರೂ ಅವರಾ?

ಕೇಳಿದರೆ ಹೇಳಲು ಇನ್ನೇನು ದಾರಿ ಇತ್ತು? ನಮ್ಮಲ್ಲಿ ವೀರಗಲ್ಲು ಇದ್ದರೆ ಯಾರು, ಯಾವ ಊರಿನ ಜಗಳದಲ್ಲಿ, ಯಾವ ರಾಜನ ಕಾಲದಲ್ಲಿ ಸತ್ತ ಅಂತ ಎಷ್ಟೋ ಸಲ ಕಲ್ಲೇ ಹೇಳುತ್ತದೆ. ಶಕವರ್ಷ, ತಿಥಿ, ವಾರ ಸಮೇತ. ಇಲ್ಲಿ ಹಳ್ಳಿಯ ಬಡವರಿಗೆ ಕಲ್ಲೂ ಇಲ್ಲ, ಬರಹವೂ ಇಲ್ಲ. ಚರ್ಚುಗಳು ಹುಟ್ಟು, ಮದುವೆ, ಸಾವು ಬರೆದಿಡಬೇಕು ಅಂತ ಇಂಗ್ಲೆಂಡಿನಲ್ಲಿ ಆಜ್ಞೆ ಆದದ್ದೇ 1538ರಲ್ಲಿ. ಅದಕ್ಕೂ ಹಿಂದಿನವರು ಬಿಳಿ ಬಟ್ಟೆ ಸುತ್ತಿಸಿಕೊಂಡು, ಪಶ್ಚಿಮಕ್ಕೆ ತಲೆ ಪೂರ್ವಕ್ಕೆ ಕಾಲು ಮಾಡಿ ಮಲಗಿದರು. ಕೊನೆಯ ದಿನ ಎದ್ದು ಕೂತಾಗ ಮುಖ ಪೂರ್ವಕ್ಕೆ ಇರಲಿ ಅಂತ. ಮಡಕೆಯಿಲ್ಲ, ಮಣಿಯಿಲ್ಲ, ನಾಣ್ಯವಿಲ್ಲ. ಕಾಲ ಹೇಳಲು ಉಳಿದದ್ದು ಅವರ ಮೈಯೊಂದೇ.

ನಾವು ಲಿಂಗಾಯತರು, ಹೂಳುವವರು. ನಮ್ಮ ಅಜ್ಜನನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹೂತವರನ್ನು ತೆಗೆಯುವುದು ಅಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವ್ವನಿಗೆ ಫೋನಿನಲ್ಲಿ ಈ ಕೆಲಸ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಮುಟ್ಟಿದ ಮೇಲೆ ಮನೆಗೆ ಬಂದು ತಲೆಗೆ ನೀರು ಹಾಕ್ಕೋತೀಯ ಹೌದಿಲ್ಲೋ?"

"ಹಾಕ್ಕೋತೀನವ್ವ."

ಹಾಕಿಕೊಂಡೆ, ಆ ವರ್ಷವೆಲ್ಲ.

ಇಪ್ಪತ್ಮೂರು ಜನರಲ್ಲಿ ಒಂಬತ್ತು ಜನರ ಮೂಳೆಗೆ ಮಾತ್ರ ಅನುಮತಿ ಇತ್ತು. ಯಾರ ಮೂಳೆ ತೆಗೆಯಬೇಕು ಅನ್ನುವುದಕ್ಕೇ ಎರಡು ವಾರ ಹಿಡಿಯಿತು. ಆ ಕೊನೇ ಸಾಲು ಈಗ ಕೆಲಸಕ್ಕೆ ಬಂತು. ಹಳೆಯ ಸ್ಮಶಾನದಲ್ಲಿ ಜಾಗ ಕಡಿಮೆ, ಜನ ಜಾಸ್ತಿ. ನೂರಾರು ವರ್ಷ ಅದೇ ಮಣ್ಣಲ್ಲಿ ಹೂಳುತ್ತಾರೆ. ಹೊಸ ಗುಂಡಿ ತೋಡುವಾಗ ಹಳೆಯ ಗೋರಿಯ ಕಾಲೋ ಕೈಯೋ ಕತ್ತರಿಸಿ ಹೋಗುತ್ತದೆ. ಲಿಂಕನ್‌ಷೈರ್‌ನದೇ ಬಾರ್ಟನ್ ಅಪಾನ್ ಹಂಬರ್ ಊರಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ 1978ರಿಂದ 1984ರವರೆಗೆ ಅಗೆದಾಗ 2,700ಕ್ಕೂ ಹೆಚ್ಚು ಜನ ಸಿಕ್ಕಿದ್ದರು. ಒಬ್ಬರ ಮೇಲೆ ಒಬ್ಬರು, ಸುಮಾರು 900 ವರ್ಷದವರು. ಅವರನ್ನೆಲ್ಲ ಈಗ ಆ ಚರ್ಚಿನೊಳಗೇ ಒಂದು ಕೋಣೆಯಲ್ಲಿ ಮರಳಿ ಇಟ್ಟಿದ್ದಾರೆ. ಯಾವ ಗುಂಡಿ ಯಾವುದನ್ನು ಕಡಿದಿದೆ ಅಂತ ಗೊತ್ತಿದ್ದರೆ ಯಾರು ಮೊದಲು, ಯಾರು ಆಮೇಲೆ ಅಂತ ಖಚಿತ. ಇದನ್ನು ಹೇಳಲು ಯಾವ ಯಂತ್ರವೂ ಬೇಡ, ಅಗೆದವರ ಕಣ್ಣು ಚುರುಕಾಗಿದ್ದರೆ ಸಾಕು.

ಆ 'ಪ್ಲೇಗ್ ಸಾಲಿ'ನಲ್ಲೇ ನಮಗೆ ಅಂಥ ಒಂದು ಮೂವರ ಸರಣಿ ಸಿಕ್ಕಿತು. ಅಡಿಯಲ್ಲಿ 21ನೇ ನಂಬರಿನ ಹೆಂಗಸು. ಅವಳ ಗೋರಿಯನ್ನು ಕಡಿದು 17ನೇ ನಂಬರಿನ ಮಗು. ಆ ಮಗುವಿನ ಪಾದದ ಕಡೆಯನ್ನು ಕಡಿದು 9ನೇ ನಂಬರಿನ ಗಂಡಸು. ಮಗುವಿಗೆ ಆರು ವರ್ಷದ ಆಸುಪಾಸು. ಮೊದಲ ಕಾಯಂ ದವಡೆಹಲ್ಲು ಆಗತಾನೇ ಮೇಲೆ ಬರುತ್ತಿತ್ತು. ಗಂಡೋ ಹೆಣ್ಣೋ ಮೂಳೆ ನೋಡಿ ಹೇಳಲು ಆ ವಯಸ್ಸಿನಲ್ಲಿ ಆಗುವುದಿಲ್ಲ.

ಮಗುವನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ದೊಡ್ಡವರ ತೊಡೆಮೂಳೆ ತುಂಬ ನಿಧಾನವಾಗಿ ಬದಲಾಗುತ್ತದೆ. ನಾವು ಕಾಲ ಅಳೆಯುವುದು ಮೂಳೆಯಲ್ಲಿರುವ ಕಾರ್ಬನ್‌ನಿಂದ, ತೊಡೆಮೂಳೆಯಲ್ಲಿ ಅದು ಸಾವಿಗಿಂತ ಹತ್ತಿಪ್ಪತ್ತು ವರ್ಷ ಹಿಂದೆ ಉಂಡ ಅನ್ನದ್ದೂ ಆಗಿರಬಹುದು. ಮಗುವಿನ ಮೂಳೆ ದಿನದಿನಕ್ಕೂ ಬೆಳೆಯುವಂಥದ್ದು. ಅದು ಹೇಳುವ ಕಾಲ ಸಾವಿಗೆ ಹತ್ತಿರದ್ದು. ಇದೇ ಕಾರಣಕ್ಕೆ ದೊಡ್ಡವರಲ್ಲೂ ನಾವು ತೊಡೆಮೂಳೆ ಬಿಟ್ಟು ಪಕ್ಕೆಲುಬು ತೆಗೆದುಕೊಂಡೆವು. ಅದು ಸ್ವಲ್ಪ ಬೇಗ ಬದಲಾಗುತ್ತದೆ. ತೆಗೆದರೆ ನೋಡುವ ಕಣ್ಣಿಗೆ ಅಷ್ಟು ಕಾಣುವುದೂ ಇಲ್ಲ.

ಒಂದು ಗ್ರಾಂಗಿಂತ ಕಡಿಮೆ ಮೂಳೆ ಸಾಕು. ಹಿಂದಿನ ವಿಧಾನದಲ್ಲಿ ನೂರಾರು ಗ್ರಾಂ ಬೇಕಾಗುತ್ತಿತ್ತಂತೆ. ಒಬ್ಬರ ತೊಡೆಯೇ ಹೋಗುತ್ತಿತ್ತು. ಮಗುವಿನ ಪಕ್ಕೆಲುಬಿನ ಒಂದು ತುಂಡನ್ನು ತಕ್ಕಡಿಯ ಮೇಲೆ ಇಟ್ಟಾಗ ಅದು ಒಣಗಿದ ಹುಣಸೆ ಸಿಪ್ಪೆಯ ಹಾಗೆ ಇತ್ತು. ಅಷ್ಟು ಹಗುರ.

ಕೆಲಸದ ಕ್ರಮ ಹೇಳುತ್ತೇನೆ. ಯಾಕೆಂದರೆ 'ಕಾರ್ಬನ್ ಡೇಟಿಂಗ್ ಮಾಡಿಸಿದರು' ಅಂತ ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದಲ್ಲ, ಅದರ ಹಿಂದೆ ಎಷ್ಟು ದಿನಗಳಿವೆ ಅಂತ ನನಗೇ ಗೊತ್ತಿರಲಿಲ್ಲ.

ನಮಗೆ ಬೇಕಾದದ್ದು ಮೂಳೆಯ ಸುಣ್ಣದ ಭಾಗವಲ್ಲ. ಅದಕ್ಕೆ ಮಣ್ಣಿನ ನೀರಿನ ಕಾರ್ಬನ್ ಅಂಟಿರುತ್ತದೆ. ಬೇಕಾದದ್ದು ಕೊಲಾಜೆನ್, ಮೂಳೆಯನ್ನು ಒಳಗಿನಿಂದ ಹಿಡಿದಿಟ್ಟ ಪ್ರೋಟೀನು. ಹೊಸ ಮೂಳೆಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಅದೇ. ಮಣ್ಣಲ್ಲಿ ಕಾಲ ಕಳೆದಂತೆ ಕರಗುತ್ತಾ ಹೋಗುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಉಳಿದಿದ್ದರೆ ಆ ಮೂಳೆಯನ್ನು ನಂಬುವುದಿಲ್ಲ.

ಮೊದಲು ಮೇಲ್ಮೈಯನ್ನು ಸಣ್ಣ ಡ್ರಿಲ್‌ನಿಂದ ಕೆರೆದು ತೆಗೆಯಬೇಕು. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು. ದಿನಾ ಹೋಗಿ ಆಸಿಡ್ ಬದಲಿಸಬೇಕು. ಸುಣ್ಣವೆಲ್ಲ ಗುಳ್ಳೆಯಾಗಿ ಹೋಗಿ, ಮೂರು ನಾಲ್ಕು ದಿನಕ್ಕೆ ಮೂಳೆ ಮೆತ್ತಗಾಗುತ್ತದೆ. ಆಕಾರ ಹಾಗೇ ಇರುತ್ತದೆ, ಆದರೆ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಚಿಮಟಿಗೆಯಲ್ಲಿ ಹಿಡಿದರೆ ರಬ್ಬರಿನ ಹಾಗೆ ಬಾಗುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ನಂತರ ಮಣ್ಣಿನ ಕಂದು ಬಣ್ಣ ತೆಗೆಯಲು ತೆಳು ಕ್ಷಾರದಲ್ಲಿ ಅರ್ಧ ಗಂಟೆ. ತೊಳೆಯುವುದು. ಮತ್ತೆ ಆಸಿಡ್. ಮತ್ತೆ ತೊಳೆಯುವುದು. ಕೊನೆಗೆ ಚೂರೇ ಚೂರು ಹುಳಿ ಇರುವ ನೀರಿನಲ್ಲಿ 75 ಡಿಗ್ರಿಯಲ್ಲಿ 20 ಗಂಟೆ. ಮೂಳೆ ಕರಗಿ ತೆಳು ಅಂಟಿನ ನೀರಾಗುತ್ತದೆ.

ಅದನ್ನು ಸೋಸಬೇಕು. ದೊಡ್ಡ ಕಣಗಳನ್ನಷ್ಟೇ ಮೇಲೆ ಹಿಡಿದಿಡುವ ಸೂಕ್ಷ್ಮ ಸೋಸುಕ ಇದೆ. ಆದರೆ ಹೊಸದಾಗಿ ಕೊಂಡ ಸೋಸುಕಕ್ಕೆ ಗ್ಲಿಸರಿನ್ ಸವರಿರುತ್ತಾರೆ. ಗ್ಲಿಸರಿನ್ನಲ್ಲೂ ಕಾರ್ಬನ್ ಇದೆ. ಹಾಗಾಗಿ ಸೋಸುಕವನ್ನೇ ಮತ್ತೆ ಮತ್ತೆ ತೊಳೆಯಬೇಕು. ನನ್ನ ಒಂದಿಡೀ ದಿನ ಸೋಸುಕ ತೊಳೆಯುವುದರಲ್ಲೇ ಹೋಗಿದೆ. ಆಮೇಲೆ ಹೆಪ್ಪುಗಟ್ಟಿಸಿ ಫ್ರೀಜ್ ಡ್ರೈಯರ್‌ನಲ್ಲಿ ಒಣಗಿಸಿದರೆ ಗಾಜಿನ ಕೊಳವೆಯ ತಳದಲ್ಲಿ ಬಿಳಿ ನಾರು ಉಳಿಯುತ್ತದೆ. ಎಕ್ಕದ ಕಾಯಿ ಒಡೆದಾಗ ಹಾರುವ ಹತ್ತಿಯ ಹಾಗೆ. ಉಸಿರು ಬಿಟ್ಟರೂ ಅಲುಗುತ್ತದೆ. ಒಬ್ಬ ಮನುಷ್ಯನ ಪಕ್ಕೆಲುಬು ಕೊನೆಗೆ ಇಷ್ಟು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮಗುವಿನ ಮೂಳೆಯನ್ನೂ ದೊಡ್ಡವರ ಮೂಳೆಯ ಜೊತೆಗೇ ಆಸಿಡ್‌ಗೆ ಹಾಕಿದ್ದೆ. ಶುಕ್ರವಾರ ಸಂಜೆ ಬದಲಿಸಿ ಹೋದೆ. ಫ್ರಿಜ್ಜಿನಲ್ಲಿ ಜಾಗ ಇಲ್ಲ ಅಂತ ಆ ಒಂದು ಸ್ಟ್ಯಾಂಡನ್ನು ಮೇಜಿನ ಮೇಲೇ ಬಿಟ್ಟಿದ್ದೆ. ಸೋಮವಾರ ಬಂದು ನೋಡಿದರೆ ಉಳಿದವರೆಲ್ಲ ಸರಿ ಇದ್ದರು. 17ನೇ ಕೊಳವೆಯಲ್ಲಿ ಏನೂ ಇರಲಿಲ್ಲ. ತೆಳು ಮೂಳೆ, ಬೆಚ್ಚಗಿನ ಕೋಣೆ, ಎರಡೂವರೆ ದಿನ. ಪೂರ್ತಿ ಕರಗಿಹೋಗಿತ್ತು.

ಪ್ರಯೋಗ ಕೆಡುವುದು ಹೊಸದಲ್ಲ. ಕೆಮಿಸ್ಟ್ರಿ ಓದುವಾಗ ಎಷ್ಟೋ ಕೆಡಿಸಿದ್ದೇನೆ. ಆದರೆ ಇದು ಅಂಗಡಿಯಿಂದ ಮತ್ತೆ ತರಿಸುವ ವಸ್ತು ಅಲ್ಲವಲ್ಲ. ಆರೇಳು ನೂರು ವರ್ಷ ಆ ಮಣ್ಣು ಜೋಪಾನ ಮಾಡಿದ್ದನ್ನು ನಾನು ಒಂದು ವಾರಾಂತ್ಯದಲ್ಲಿ ಕಳೆದೆ. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮೇಡಂ ಬಯ್ಯಲಿಲ್ಲ. "ಹೋಗಿ ಅವರಿಗೆ ನೀನೇ ಹೇಳು. ಇನ್ನೊಂದು ತುಂಡು ಕೊಡುತ್ತಾರಾ ಕೇಳು. ಕೊಡದಿದ್ದರೆ ಅಲ್ಲಿಗೆ ಬಿಡೋಣ" ಅಂದರು.

ಬಸ್ಸು ಹಿಡಿದು ಹಳ್ಳಿಗೆ ಹೋದೆ. ಚರ್ಚಿನ ಉಸ್ತುವಾರಿ ನೋಡುವವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜಿ ಅಂತಲೇ ಕರೆಯುತ್ತಿದ್ದೆ. ಅವರ ಅಡುಗೆಮನೆಯಲ್ಲಿ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಟೀ ಮಾಡಿಕೊಟ್ಟರು. ಬಹಳ ಹೊತ್ತು ಕಿಟಕಿಯ ಆಚೆ ನೋಡಿದರು. "ಆ ಮಗು ಯಾವಾಗಿನದು ಅಂತ ತಿಳಿಯದೇ ಹೋದರೆ ಮೊದಲನೇ ತುಂಡೂ ದಂಡವಾಗುತ್ತದೆ" ಅಂದರು. ಚರ್ಚಿನ ಕಚೇರಿಗೆ ಕಾಗದ ಬರೆದು ಒಪ್ಪಿಗೆ ಕೊಡಿಸಿದರು. ಒಂದೇ ಮಾತು ಸೇರಿಸಿದರು: ಉಳಿದದ್ದು ಎಷ್ಟೇ ಚೂರಾಗಿರಲಿ, ಮಗುವಿನ ಜೊತೆ ವಾಪಸ್ ಬರಬೇಕು.

ಎರಡನೇ ಸಲ ಆಸಿಡ್ ಇನ್ನೂ ತೆಳು ಮಾಡಿದೆ. ದಿನಕ್ಕೆ ಮೂರು ಸಲ ಹೋಗಿ ನೋಡಿದೆ. ಭಾನುವಾರವೂ ಹೋದೆ. ಈ ಸಲ ಬಿಳಿ ನಾರು ಬಂತು.

ಒಂಬತ್ತರಲ್ಲಿ ಎರಡು ಮೂಳೆ ಕೈಕೊಟ್ಟವು. ಒಂದರಲ್ಲಿ ಕೊಲಾಜೆನ್ನೇ ಇರಲಿಲ್ಲ. ಇನ್ನೊಂದರದ್ದು ಬೇರೆ ತೊಂದರೆ. ಕೊಲಾಜೆನ್ ಚೆನ್ನಾಗಿದ್ದರೆ ಅದರಲ್ಲಿನ ಕಾರ್ಬನ್ ಮತ್ತು ನೈಟ್ರೋಜನ್ ಪರಮಾಣುಗಳ ಅನುಪಾತ 2.9ರಿಂದ 3.6ರ ಒಳಗೆ ಇರಬೇಕು. ಅದಕ್ಕೆ 3.9 ಬಂತು. ಹಾಳೆ ತೆಗೆದು ನೋಡಿದರೆ, ಒಡೆದಿದ್ದ ಮೂಳೆಯನ್ನು ಯಾರೋ ಅಂಟು ಹಾಕಿ ಜೋಡಿಸಿದ್ದರು. ಅಂಟು ಪೆಟ್ರೋಲಿಯಂನಿಂದ ಬಂದದ್ದು. ಕೋಟ್ಯಂತರ ವರ್ಷ ಹಳೆಯದು. ನಾವು ಕಾಲ ಲೆಕ್ಕ ಹಾಕುವುದು ಕಾರ್ಬನ್ 14 ಅನ್ನುವ, ಕಾಲ ಕಳೆದಂತೆ ಕಡಿಮೆಯಾಗುವ ಕಾರ್ಬನ್‌ನಿಂದ, ಅಂಟಿನಲ್ಲಿ ಅದು ಸೊನ್ನೆ. ಅಂಥ ಸತ್ತ ಕಾರ್ಬನ್ ಶೇಕಡಾ 1 ಸೇರಿದರೂ ಮೂಳೆಯ ವಯಸ್ಸು 80 ವರ್ಷ ಜಾಸ್ತಿ ತೋರಿಸುತ್ತದೆ. ಅದನ್ನು ಕೈಬಿಟ್ಟೆವು.

ಉಳಿದ ಏಳು ಮಾದರಿಗಳನ್ನು ಸುಟ್ಟು ಕಾರ್ಬನ್ ಡೈ ಆಕ್ಸೈಡ್ ಮಾಡಿ, ಕಬ್ಬಿಣದ ಪುಡಿಯ ಮೇಲೆ ಹೈಡ್ರೋಜನ್ ಜೊತೆ ಬಿಸಿ ಮಾಡಿ, ಕಪ್ಪು ಗ್ರಾಫೈಟ್ ಮಾಡಿದೆವು. ಒಂದು ಮಿಲಿಗ್ರಾಂನಷ್ಟು. ಅದನ್ನು ಅಲ್ಯೂಮಿನಿಯಂ ಗೂಟದ ತೂತಿನಲ್ಲಿ ಒತ್ತಿ ತುಂಬಿದರೆ ಪೆನ್ಸಿಲ್ ಮೊನೆಯ ಚುಕ್ಕಿಯ ಹಾಗೆ ಕಾಣುತ್ತದೆ. ಇದು ಯಂತ್ರಕ್ಕೆ ಹೋಗುತ್ತದೆ.

ವಾತಾವರಣದ ಮೇಲ್ಭಾಗದಲ್ಲಿ ಕಾಸ್ಮಿಕ್ ಕಿರಣಗಳಿಂದಾಗಿ ನೈಟ್ರೋಜನ್ನಿನಿಂದ ಕಾರ್ಬನ್ 14 ಹುಟ್ಟುತ್ತಲೇ ಇರುತ್ತದೆ. ಗಿಡ ಅದನ್ನು ಉಸಿರಾಡುತ್ತದೆ, ದನ ಗಿಡ ತಿನ್ನುತ್ತದೆ, ನಾವು ಎರಡನ್ನೂ. ಸತ್ತ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಷಿಕಾಗೋದಲ್ಲಿ ವಿಲ್ಲರ್ಡ್ ಲಿಬ್ಬಿ ಇದರಿಂದ ಕಾಲ ಲೆಕ್ಕ ಹಾಕಬಹುದು ಅಂತ 1949ರಲ್ಲಿ ತೋರಿಸಿ, 1960ರಲ್ಲಿ ನೊಬೆಲ್ ಪಡೆದರು. ಇಷ್ಟು ಎಲ್ಲರಿಗೂ ಗೊತ್ತು. ಯಂತ್ರದ ಮುಂದೆ ನಿಂತಾಗ ನನ್ನನ್ನು ಬೆರಗಾಗಿಸಿದ್ದು ಬೇರೆ. ನಮ್ಮ ಮೂಳೆಗಳು ಆರೇಳು ನೂರು ವರ್ಷದವು ಮಾತ್ರ. ಅಂದರೆ ಅವುಗಳ ಕಾರ್ಬನ್ 14ರಲ್ಲಿ ಕಡಿಮೆಯಾಗಿರುವುದು ನೂರಕ್ಕೆ ಏಳೋ ಎಂಟೋ ಪಾಲು. ಕಾರ್ಬನ್ 14 ಇರುವುದೇ ಲಕ್ಷ ಕೋಟಿ ಕಾರ್ಬನ್‌ಗೆ ಒಂದು. ಆ ಒಂದರಲ್ಲಿ ಆಗಿರುವ ಏಳೆಂಟು ಶೇಕಡಾ ನಷ್ಟವನ್ನು ಯಂತ್ರ ಎಣಿಸಬೇಕು. ಅದೇ ತೂಕದ ನೈಟ್ರೋಜನ್ ದಾರಿ ತಪ್ಪಿಸದ ಹಾಗೆ ಕಣಗಳಿಗೆ ಮೊದಲೇ ಋಣ ವಿದ್ಯುತ್ ತುಂಬುತ್ತಾರೆ. ನೈಟ್ರೋಜನ್ ಆ ರೂಪದಲ್ಲಿ ಬಾಳುವುದಿಲ್ಲ, ಬಾಗಿಲಲ್ಲೇ ಉದುರಿಹೋಗುತ್ತದೆ. ಇದನ್ನು ಯೋಚಿಸಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಫಲಿತಾಂಶ ಬಂದ ದಿನ ಮೊದಲು ನೋಡಿದ್ದು 17. ಅಲ್ಲಿ ಇದ್ದದ್ದು: 612, ಅದಕ್ಕಿಂತ 24 ಆಚೆ ಈಚೆ. ಅಂದರೆ 1950ಕ್ಕಿಂತ 612 ವರ್ಷ ಹಿಂದೆ. ಈ ಲೆಕ್ಕದಲ್ಲಿ 'ಈಗ' ಅಂದರೆ ಯಾವಾಗಲೂ 1950. ಕಳೆದರೆ 1338. ಎದೆ ಡವಗುಟ್ಟಿತು. ಮಹಾಮಾರಿಗೆ ಹತ್ತೇ ವರ್ಷ!

ಮೇಡಂ ತಲೆ ಅಲ್ಲಾಡಿಸಿದರು. ಅದು ಇನ್ನೂ ವರ್ಷ ಅಲ್ಲ. ಗಾಳಿಯಲ್ಲಿ ಕಾರ್ಬನ್ 14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಹಾಗಾಗಿ ಮರಗಳ ಬಳೆಗಳನ್ನು ಒಂದೊಂದಾಗಿ ಎಣಿಸಿ, ಯಾವ ವರ್ಷದ ಬಳೆಯಲ್ಲಿ ಎಷ್ಟಿತ್ತು ಅಂತ ಅಳೆದು ಒಂದು ಗೆರೆ ಎಳೆದಿದ್ದಾರೆ. ಈಗ ಬಳಕೆಯಲ್ಲಿರುವುದು 2020ರ ಗೆರೆ, ಇಂಟ್‌ಕ್ಯಾಲ್20. ಆ ಗೆರೆ ನೇರ ಇಳಿಜಾರಲ್ಲ, ಘಾಟಿ ರಸ್ತೆಯ ಹಾಗೆ ಏರಿಳಿಯುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಅದು ಇಳಿದು, ಮತ್ತೆ ಏರಿ, ಮತ್ತೆ ಇಳಿಯುತ್ತದೆ. ನಮ್ಮ 612 ಆ ಗೆರೆಯನ್ನು ಒಂದು ಕಡೆಯಲ್ಲ, ಹಲವು ಕಡೆ ಮುಟ್ಟಿತು. ಪರದೆಯ ಮೇಲೆ ಎರಡು ಗುಡ್ಡ ಮೂಡಿದವು, ಮಗು ಸತ್ತಿರಬಹುದಾದ ವರ್ಷಗಳು ಅವುಗಳೊಳಗೆ. ದೊಡ್ಡದು ಸುಮಾರು 1300ರಿಂದ 1370ರವರೆಗೆ. ಚಿಕ್ಕದು 1380ರಿಂದ 1400ರ ಆಸುಪಾಸು.

ಇಡೀ ಇಂಗ್ಲೆಂಡಿಗೇ ಬೇಕಾದ ಶತಮಾನದಲ್ಲಿ ಗೆರೆ ಹೀಗೆ ಸುತ್ತು ಹೊಡೆಯಬೇಕಾ ಅಂತ ನನಗೆ ನಿಜಕ್ಕೂ ಸಂಕಟವಾಯಿತು.

ಗಂಡಸಿನ ಮೂಳೆಗೂ ಹೆಚ್ಚು ಕಡಿಮೆ ಅದೇ ವಯಸ್ಸು ಬಂತು. ಹಾಗಾದರೆ ಇಬ್ಬರೂ ಒಟ್ಟಿಗೆ ಸತ್ತವರಾ? ಪ್ಲೇಗ್ ಸಾಲು ನಿಜವಾ? ಇಲ್ಲೇ ಮೀನಿನ ಮಾತು ಬಂದದ್ದು.

ಸಮುದ್ರದ ಆಳದ ನೀರು ಮೇಲೆ ಬರಲು ನೂರಾರು ವರ್ಷ ಹಿಡಿಯುತ್ತದೆ. ಆ ನೀರಿನ ಕಾರ್ಬನ್ ಹಳೆಯದು. ಅದನ್ನು ಉಂಡ ಮೀನೂ 'ಹಳೆಯದು', ಆ ಮೀನು ತಿಂದ ಮನುಷ್ಯನೂ 'ಹಳೆಯವನು'. ನಿನ್ನೆ ಹಿಡಿದ ಮೀನಿಗೆ ಸುಮಾರು 400 ವರ್ಷ ಅಂತ ಯಂತ್ರ ಹೇಳುತ್ತದೆ. ಮಧ್ಯಯುಗದ ಕ್ರೈಸ್ತರಿಗೆ ಶುಕ್ರವಾರ ಮಾಂಸ ಇಲ್ಲ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಇಲ್ಲ. ಮೀನು ತಿನ್ನಬಹುದಿತ್ತು. ಕ್ರಿ.ಶ. 1000ದ ಸುಮಾರಿನಿಂದ ಇಂಗ್ಲೆಂಡಿನಲ್ಲಿ ಕಡಲ ಮೀನು ತಿನ್ನುವುದು ಜೋರಾಗಿ ಹೆಚ್ಚಿತು. ಉಪವಾಸದ ನಿಯಮ ಮೂಳೆಯ ವಯಸ್ಸನ್ನೇ ಬದಲಿಸುತ್ತದೆ ಅನ್ನುವುದು ನಾನು ಆ ವರ್ಷ ಕಲಿತ ಅತಿ ದೊಡ್ಡ ವಿಷಯ.

ಇದರಿಂದ ಎಷ್ಟು ಎಡವಟ್ಟಾಗಬಹುದು ಅನ್ನಲು ಡರ್ಬಿಷೈರ್‌ನ ರೆಪ್ಟನ್ ಸಾಕ್ಷಿ. ಅಲ್ಲಿನ ಸೇಂಟ್ ವಿಸ್ಟನ್ ಚರ್ಚಿನ ಪಕ್ಕದಲ್ಲಿ ಮಾರ್ಟಿನ್ ಬಿಡಲ್ ಮತ್ತು ಬಿರ್ತೆ ಕ್ಯೋಲ್ಬ್ಯು ಬಿಡಲ್ ದಂಪತಿ 1974ರಿಂದ 1988ರವರೆಗೆ ಅಗೆದರು. ಕನಿಷ್ಠ 264 ಜನರ ಮೂಳೆಗಳ ರಾಶಿ ಸಿಕ್ಕಿತು. 873ರ ಚಳಿಗಾಲದಲ್ಲಿ ವೈಕಿಂಗ್ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು ಅಂತ ಹಳೆಯ ಬರಹ ಹೇಳುತ್ತದೆ. ರಾಶಿಯ ಜೊತೆ ಸಿಕ್ಕ ಬೆಳ್ಳಿ ನಾಣ್ಯಗಳೂ ಅದೇ ಕಾಲದವು. ಆದರೆ ಕೆಲವು ಮೂಳೆಗಳು ಅದಕ್ಕಿಂತ ನೂರು ಇನ್ನೂರು ವರ್ಷ ಹಿಂದಿನವು ಅಂತ ಕಾರ್ಬನ್ ಹೇಳಿತು. ವೈಕಿಂಗ್ ಕಥೆಯೇ ಸುಳ್ಳಿರಬೇಕು ಅಂದವರಿದ್ದರು. 2018ರಲ್ಲಿ ಕ್ಯಾಟ್ ಜಾರ್ಮನ್ ಮತ್ತು ಸಂಗಡಿಗರು ಪ್ರತಿಯೊಬ್ಬರೂ ಎಷ್ಟು ಮೀನು ತಿಂದಿದ್ದರು ಅಂತ ಮೂಳೆಯಿಂದಲೇ ಅಳೆದು ಲೆಕ್ಕ ತಿದ್ದಿದರು. ಎಲ್ಲರೂ ಒಂಬತ್ತನೇ ಶತಮಾನಕ್ಕೆ ಹೊಂದಿಕೊಂಡರು.

ಮೀನು ಎಷ್ಟು ತಿಂದಿದ್ದರು ಅಂತ ಹೇಳುವುದು ಇನ್ನೊಂದು ಬಗೆಯ ಕಾರ್ಬನ್, ಕಾರ್ಬನ್ 13. ಹೊಲದ ಬೆಳೆ ತಿಂದವರಿಗೂ ಕಡಲು ತಿಂದವರಿಗೂ ಅದರ ಪ್ರಮಾಣ ಬೇರೆ ಬೇರೆ. ಅಳೆದಾಗ ನಮ್ಮ ಗಂಡಸು ಮೀನು ಪ್ರಿಯ ಅಂತ ಗೊತ್ತಾಯಿತು. ಅವನ ಕಾರ್ಬನ್‌ನಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಪಾಲು ಸಮುದ್ರದ್ದು. ಅಂದರೆ ಸುಮಾರು 80 ವರ್ಷ ಸುಳ್ಳು ವಯಸ್ಸು. ಅದನ್ನು ತಿದ್ದಿದರೆ ಅವನು ಹದಿನೈದನೇ ಶತಮಾನಕ್ಕೆ ಇಳಿದ. ಮಗುವಿನ ಮೂಳೆಯಲ್ಲಿ ಮೀನಿನ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಬಾರ್ಲಿ, ಗೋಧಿ, ಹಾಲು ಇರಬೇಕು. ಅದು ಇದ್ದಲ್ಲೇ ಉಳಿಯಿತು. ಅಡಿಯ ಹೆಂಗಸು ಹದಿಮೂರನೇ ಶತಮಾನದವಳು.

ಒಂದು ಸಾಲು, ಒಂದು ಗಜದ ಅಂತರ, ಇನ್ನೂರು ವರ್ಷ. ಪ್ಲೇಗ್ ಸಾಲು ಅಲ್ಲ.

ಕೊನೆಗೆ ಹಾಳೆಯ ಆ ಕೊನೇ ಸಾಲು ಮತ್ತು ಯಂತ್ರದ ಸಂಖ್ಯೆ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕಿದೆವು. ಅದಕ್ಕೆ ಆಕ್ಸ್‌ಕ್ಯಾಲ್ ಅಂತ ತಂತ್ರಾಂಶ ಇದೆ, ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಬ್ರಾಂಕ್ ರಾಮ್ಸೆ ಬರೆದದ್ದು. ಯಾರ ಮೇಲೆ ಯಾರು ಅಂತ ಅದಕ್ಕೆ ಹೇಳಿದರೆ, ಆ ಕ್ರಮಕ್ಕೆ ಹೊಂದದ ವರ್ಷಗಳನ್ನು ಅದು ಹಿಂದೆ ಸರಿಸುತ್ತದೆ. ಮೀನು ತಿದ್ದುವ ಮೊದಲು ಅದೇ ಲೆಕ್ಕ ಓಡಿಸಿದ್ದರೆ ಗಂಡಸೂ ಮಗುವೂ ಪಕ್ಕಪಕ್ಕದಲ್ಲಿ ಬಂದು ಕೂರುತ್ತಿದ್ದರು. ಎಲ್ಲ ಸರಿಯಾಗಿದೆ ಅಂತ ನಾವೂ ನಂಬುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಮಗುವಿನ ಚಿಕ್ಕ ಗುಡ್ಡ ಇನ್ನಷ್ಟು ಚಿಕ್ಕದಾಯಿತು, ಆದರೆ ಹೋಗಲಿಲ್ಲ. ದೊಡ್ಡ ಗುಡ್ಡ 1300ರಿಂದ 1370, ಅಲ್ಲಾಡಲಿಲ್ಲ.

ಚರ್ಚಿನ ಸಭಾಂಗಣದಲ್ಲಿ ಊರವರಿಗೆ ಇದನ್ನು ಹೇಳಬೇಕಿತ್ತು. ಮೂವತ್ತು ಜನ ಬಂದಿದ್ದರು. ಪ್ಲೇಗ್ ಸಾಲು ಅಲ್ಲ ಅಂದಾಗ ಹಿಂದಿನ ಸಾಲಿನಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅಜ್ಜಿ ಕೈಯೆತ್ತಿ ಮಗುವಿನ ಬಗ್ಗೆ ಕೇಳಿದರು. "ಆ ಮಗುವಾದರೂ 1349ರದ್ದಾ?"

ಇರಬಹುದು ಅಂದೆ. ಆದರೆ 1315ರಿಂದ 1317ರವರೆಗೆ ಬಿಡದೆ ಮಳೆ ಸುರಿದು, ಬೆಳೆ ಕೊಳೆತು, ಇಡೀ ಉತ್ತರ ಯುರೋಪಿಗೆ ಬಂದ ದೊಡ್ಡ ಬರಗಾಲವೂ ಅದೇ ಗುಡ್ಡದೊಳಗೆ ಇದೆ. 1361ರಲ್ಲಿ ಎರಡನೇ ಸಲ ಪ್ಲೇಗ್ ಬಂತು. ಮಕ್ಕಳನ್ನೇ ಹೆಚ್ಚು ಕೊಂಡೊಯ್ದಿತು ಅಂತ ಅದಕ್ಕೆ ಮಕ್ಕಳ ಪ್ಲೇಗ್ ಅನ್ನುತ್ತಾರೆ. ಅದೂ ಅದರೊಳಗೇ ಇದೆ. ಇದಾವುದೂ ಅಲ್ಲದೆ ಒಂದು ಚಳಿಗಾಲದ ಜ್ವರವೂ ಆಗಿರಬಹುದು. ಕಾರ್ಬನ್ ಇವುಗಳನ್ನು ಬಿಡಿಸಿ ಹೇಳುವುದಿಲ್ಲ. ನಾನು ಬೇಕಾದಷ್ಟು ಸಲ ಲೆಕ್ಕ ಮಾಡಿ ನೋಡಿದ್ದೇನೆ, ಅದು ಹೇಳುವುದಿಲ್ಲ.

ಅಜ್ಜಿ ಒಂದು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ನೋಡಿದೆ, ಮೂರು ವರ್ಷಗಳನ್ನು ಒಂದರ ಕೆಳಗೊಂದು ಬರೆದಿದ್ದರು. ಯಾವುದನ್ನೂ ಹೊಡೆದು ಹಾಕಿರಲಿಲ್ಲ.

ಅಕ್ಟೋಬರ್‌ನಲ್ಲಿ ಮತ್ತೆ ಹೂಳಿದರು. ಪೈಪಿನ ಕಾಲುವೆಯಿಂದ ದೂರ, ಒಂದು ಯೂ ಮರದ ಹತ್ತಿರ. ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಪೆಟ್ಟಿಗೆ. ತಲೆಬುರುಡೆ ಪಶ್ಚಿಮಕ್ಕೆ ಬರುವಂತೆ ನಾವೇ ಜೋಡಿಸಿದ್ದೆವು. ಪಾದ್ರಿಗಳು ಪ್ರಾರ್ಥನೆ ಹೇಳುವಾಗ ಮಗುವಿಗೆ ಹೆಸರಿಲ್ಲದ್ದರಿಂದ 'ಈ ಊರಿನ ಮಗು' ಅಂದರು.

ನನ್ನ ಕೋಟಿನ ಜೇಬಿನಲ್ಲಿ ಗಾಜಿನ ಕೊಳವೆ ಇತ್ತು. ಗ್ರಾಫೈಟ್ ಮಾಡಿ ಮಿಕ್ಕ ಬಿಳಿ ನಾರು, ಹನ್ನೆರಡು ಮಿಲಿಗ್ರಾಂ. ಮುಂದೆ ಯಾರಿಗಾದರೂ ಪರೀಕ್ಷೆಗೆ ಬೇಕಾಗಬಹುದು, ಸಾಮಾನ್ಯವಾಗಿ ಇಂಥದ್ದನ್ನು ಲ್ಯಾಬಿನಲ್ಲೇ ಇಡುತ್ತಾರೆ. ಇದಕ್ಕೆ ಬೇರೆ ಮಾತು ಕೊಟ್ಟಿದ್ದೆವು. ಪೆಟ್ಟಿಗೆ ಮುಚ್ಚುವ ಮೊದಲು ಮುಚ್ಚಳ ತೆಗೆದು, ಪಕ್ಕೆಲುಬುಗಳ ನಡುವೆ ಕೊಳವೆಯನ್ನು ಮೆಲ್ಲಗೆ ತಟ್ಟಿದೆ. ಗಾಳಿಗೆ ಹಾರಿಹೋಗಬಾರದು ಅಂತ ಅಜ್ಜಿ ಎರಡೂ ಕೈ ಅಡ್ಡ ಹಿಡಿದಿದ್ದರು. ಅದು ಇಳಿದು ಕೂತ ಮೇಲೆ ಮುಚ್ಚಿದೆವು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ನಮ್ಮ ಕಡೆಯಂತೆ ಮೂರು ಹಿಡಿ ಹಾಕಿದೆ. ಅಜ್ಜಿ ಅದನ್ನು ನೋಡಿ, ಬಗ್ಗಿ ಇನ್ನೆರಡು ಹಿಡಿ ತೆಗೆದುಕೊಂಡರು.